ಬದುವಿನ ಸಾಲು

ಯಾದಗಿರಿ
4 ಆಗಸ್ಟ್ 2024

ಭೀಮವ್ವ ದೊಡ್ಡವ್ವನಿಗೆ, ನಿನ್ನ ಅಂಗನವಾಡಿಯಲ್ಲಿ ಹುಣಸೆ ಬೀಜ ಎಣಿಸಲು ಕೂತು ಎರಡು ಬೀಜ ನುಂಗಿದ್ದ ಗುಡ್ಡಿಯ ಸಲಾಂ.

ಪೋಸ್ಟಮನ್ ಅಂಬ್ರಪ್ಪ ಈ ಲಕೋಟೆ ಕೈಗಿಟ್ಟಾಗ ನಿನ್ನ ಎದೆ ಧಸಕ್ಕೆಂದಿರಬೇಕು. ಹೆದರಬೇಡ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಕಿವಿ ಮಂದ, ಸ್ಪೀಕರ್ ಹಾಕದೆ ಮಾತಾಡುವವಳಲ್ಲ ನೀನು. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಇಲ್ಲಿಂದ "ದೊಡ್ಡವ್ವಾ" ಎಂದರೆ ಅಲ್ಲಿ ಅಮ್ಮಿಗೆ ಕೇಳುತ್ತದೆ. ನೀವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷ ಆಗುತ್ತ ಬಂತು. ನಾನು ನಿನ್ನ ಜೊತೆ ಮಾತಾಡಿದ್ದು ಗೊತ್ತಾದರೆ ಅವಳು ನನ್ನ ಜೊತೆಗೂ ಬಿಡುತ್ತಾಳೆ. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ಈ ವರ್ಷದ ಹತ್ತಿ ಬಿಡಿಸಿ ಮುಗಿದ ಮೇಲೆ ಅಮ್ಮಿ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಡುತ್ತಾಳಂತೆ. ಸುರಪುರದಲ್ಲಿ ಅಬ್ಬಾನ ಗಾದಿ ಅಂಗಡಿ ಇದೆಯಲ್ಲ, ಅದರ ಹಿಂದಿನ ಖೋಲಿಯಲ್ಲೇ ಇಬ್ಬರೂ ಇರುವುದಂತೆ. ಯಾಕೆ ಅಂತ ಕೇಳಿದೆ. "ಮುಯ್ಯಾಳು ಬರೋರು ಇಲ್ಲ, ಕೂಲಿಯೋರು ಸಿಗಂಗಿಲ್ಲ. ನಾ ಒಬ್ಬಾಕಿ ಎಷ್ಟು ಸಾಲು ಬಿಡಸ್ಲಿ?" ಅಂದಳು. ಮುಯ್ಯಾಳು ಎನ್ನುವಾಗ ನಿಮ್ಮ ಗೋಡೆಯ ಕಡೆ ಒಮ್ಮೆ ನೋಡಿದಳು. ನಾನು ನೋಡಿದ್ದನ್ನು ನೋಡಿ ಮುಖ ತಿರುಗಿಸಿದಳು.

ಇವತ್ತು ನಾನು ನಿನ್ನ ಹೊಲಕ್ಕೆ, ಮುಂದಿನ ವಾರ ನೀನು ನನ್ನ ಹೊಲಕ್ಕೆ ಎಂದು ನೀವಿಬ್ಬರೂ ಇಪ್ಪತ್ತೆರಡು ವರ್ಷ ಹತ್ತಿ ಬಿಡಿಸಿದಿರಿ. ನಮ್ಮ ಹೊಲಕ್ಕೆ ಬಂದಾಗ ನೀನು ಯಾವಾಗಲೂ ಬದುವಿನ ಸಾಲು ಹಿಡಿಯುತ್ತಿದ್ದೆ, ಆಚೆ ನಿಮ್ಮ ಹೊಲದಲ್ಲಿ ಬಿಟ್ಟ ಕುರಿಗಳ ಮೇಲೆ ಕಣ್ಣಿರಲಿ ಎಂದು. ಅಮ್ಮಿ ಅದರ ಪಕ್ಕದ್ದು. ನಾನು ಚೀಲದ ಮೇಲೆ ಮಲಗಿ ನಿಮ್ಮ ನಗು ಕೇಳುತ್ತಿದ್ದೆ.

ತಮಾಷೆ ಏನೆಂದರೆ ನನ್ನ ಪಿಎಚ್.ಡಿ. ಇದರ ಮೇಲೆಯೇ. ಕಾಲೇಜಿನಲ್ಲಿ ಗಣಿತ ಕಲಿಸಿ ಬಂದು ಸಂಜೆ ಕಂಪ್ಯೂಟರಿನಲ್ಲಿ ಒಂದು ಊರು ಕಟ್ಟುತ್ತೇನೆ. ಆ ಊರಿನವರು ಒಬ್ಬರಿಗೊಬ್ಬರು ಮುಯ್ಯಾಳು ಹೋಗುತ್ತಾರೆ, ಇಲ್ಲವೇ ಕೈ ಕೊಡುತ್ತಾರೆ. ಜನ ಯಾಕೆ ಸಹಕರಿಸುತ್ತಾರೆ, ಯಾಕೆ ಬಿಡುತ್ತಾರೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕಂಪ್ಯೂಟರಿನವರು ಯಾಕೆ ಬಿಟ್ಟರೆಂದು ಹೇಳಬಲ್ಲೆ, ನೀವಿಬ್ಬರು ಯಾಕೆ ಬಿಟ್ಟಿರೆಂದು ಗೊತ್ತಿಲ್ಲ. ಅಮ್ಮಿಯನ್ನು ಕೇಳಿದರೆ "ನಾ ಹೋಗಿದ್ದೆ, ಆಕೀಗೆ ನಾ ಬ್ಯಾಡಾಗಿದ್ದೆ" ಎನ್ನುತ್ತಾಳೆ. ಅವತ್ತು ಏನಾಯಿತು? ನೀನಾದರೂ ಹೇಳು.

ನಿನ್ನ,
ಗುಲಫಶಾ


19 ಆಗಸ್ಟ್ 2024

ಚಿ. ಗುಡ್ಡಿಗೆ,

ನೀನು ನುಂಗಿದ್ದು ಮೂರು ಬೀಜ, ಎರಡಲ್ಲ. ಗಣಿತದ ಮೇಡಂ ಲೆಕ್ಕ ತಪ್ಪಬಾರದು. ಮೂರು ದಿನ ನಿಮ್ಮವ್ವ, ನಾನು ಇಬ್ಬರೂ ಕಾದಿದ್ದೆವು, ಎಲ್ಲ ಬಂದವೋ ಇಲ್ಲವೋ ಎಂದು.

ಮೂವತ್ತು ವರ್ಷ ಇಲಾಖೆಗೆ ವರದಿ ಬರೆದ ಕೈ ಇದು, ಹೀಗೇ ಬರೆಯುತ್ತದೆ. ಸಿಟ್ಟು ಬಂದಾಗ ಮಾತ್ರ ಬಾಯಿಮಾತು ನುಗ್ಗುತ್ತದೆ, ಓದಿಕೋ. ಅಂಬ್ರಪ್ಪ ನಿನ್ನ ಲಕೋಟೆ ಕೊಡುವಾಗ "ಯಾದಗಿರಿಯಿಂದ ಯಾರವ್ವಾ?" ಅಂದ. "ಪೆನ್ಶನ್ ಆಫೀಸಿಂದಪಾ" ಅಂದೆ. ನಿನ್ನ ಸಲುವಾಗಿ ಈ ವಯಸ್ಸಿನಲ್ಲಿ ಸುಳ್ಳು ಹೇಳಿದೆ.

ನಿಮ್ಮವ್ವ ಹೋಗಿದ್ದಳಂತೆ, ನಾನು ಬೇಡವೆಂದೆನಂತೆ! ಕೇಳು. ಅದು ಪಂಚಾಯತಿ ಎಲೆಕ್ಷನ್ ವರ್ಷ. ನಮ್ಮ ಮಾತು ಪ್ರತಿ ಸಲದಂತೆಯೇ ಆಗಿತ್ತು: ಕೆಂಭಾವಿ ಸಂತೆಯ ಮರುದಿನ ನನ್ನ ಹೊಲ, ಮುಂದಿನ ಸಂತೆಯ ಮರುದಿನ ಅವಳದು. ನನಗೆ ಬೂತಿನಲ್ಲಿ ಕೆಲಸ ಹಾಕಿದ್ದರು, ಸಂತೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಉಡಿ ಕಟ್ಟಿಕೊಂಡು ಹೊಲದಲ್ಲಿ ನಿಂತೆ. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ನಿಮ್ಮವ್ವ ಖಾಸಿಂಬಿ ಇಲ್ಲ. ಮೇಲೆ ಮೋಡ. ಹತ್ತಿ ತೊಯ್ದರೆ ಯಾರು ಕೇಳುತ್ತಾರೆ? ರಸ್ತೆಯಲ್ಲಿ ಹೊರಟಿದ್ದ ಟೆಂಪೋ ನಿಲ್ಲಿಸಿ, ಪರ ಊರಿನ ಹೆಣ್ಣಾಳುಗಳ ಕೈಕಾಲು ಹಿಡಿದು, ಸಂಜೆಯೊಳಗೆ ಬಿಡಿಸಿ ಮುಗಿಸಿದೆ. ಅಷ್ಟು ವರ್ಷ ಜೊತೆಗೆ ದುಡಿದವಳು, ಬರುವುದಿಲ್ಲ ಎಂದು ಒಂದು ಮಾತು ಹೇಳಿ ಕಳಿಸಬಾರದಿತ್ತೇ? ಮುಂದಿನ ವಾರ ನಾನೂ ಹೋಗಲಿಲ್ಲ. ಯಾಕ ಹೋಗ್ಲಿ? ನಾ ಏನು ಆಕಿ ಸಂಬಳದಾಕಿ?

ಇನ್ನೂ ಇದೆ. ಅವತ್ತಿನಿಂದ ಪ್ರತಿ ವರ್ಷ ಅವಳು ತನ್ನ ಹೊಲವನ್ನೆಲ್ಲ ಬಿಡಿಸುತ್ತಾಳೆ, ನನ್ನ ಕಡೆಯ ಬದುವಿನ ಸಾಲೊಂದನ್ನು ಹಾಗೇ ಬಿಡುತ್ತಾಳೆ. ಹತ್ತಿ ಒಡೆದು, ಬಿಳಿಚಿ, ಗಾಳಿಗೆ ಹಾರಿ ನನ್ನ ಕಡಲೆಯ ಮೇಲೆ ಬೀಳುತ್ತದೆ. ಬೇಕಂತಲೇ ಮಾಡ್ತಾಳ! ನಿಮ್ಮ ದೊಡ್ಡಪ್ಪ ಮಾನಪ್ಪ "ಇರಲಿ ತಗೋ, ಕುರಿ ಮೇಯ್ಲಿ" ಅಂದ. ಅವನಿಗೆ ಎಲ್ಲವೂ ಕುರಿ ಮೇಯುವುದರಲ್ಲಿ ಮುಗಿಯುತ್ತದೆ.

ಪಾಲಿಗೆ ಕೊಡುವುದಾದರೆ ಕೊಡಲಿ. ನನಗೇನು? ಯಾರಿಗೆ ಕೊಡುತ್ತಾಳಂತೆ, ಅದನ್ನು ಬರೆ.

ಭೀಮವ್ವ


ಯಾದಗಿರಿ
2 ಸೆಪ್ಟೆಂಬರ್ 2024

ದೊಡ್ಡವ್ವಾ,

ನಿನ್ನ ಕಾಗದವನ್ನು ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದವರು ನನ್ನನ್ನು ನೋಡಿ ಬೆಂಚು ಬದಲಿಸಿದರು.

ಪಾಲಿಗೆ ಕೇಳಿರುವವನು ಖಂಡಪ್ಪ, ಶಹಾಪುರದ ಕಡೆಯವನು. ನಮ್ಮದಕ್ಕೂ ತಾನು ಹಿಡಿದಿರುವ ಆಚೆಯ ಹೊಲಗಳಿಗೂ ಸೇರಿಸಿ ತಂತಿ ಬೇಲಿ ಹಾಕಿಸುತ್ತಾನಂತೆ. ನಿನಗೇನು ಅಂದೆಯಲ್ಲ, ಅದಕ್ಕೆ ಇಷ್ಟು ಸಾಕು.

ಈಗ ನನ್ನ ಕಂಪ್ಯೂಟರಿನ ಊರಿನ ಕಥೆ ಕೇಳು. ಮೊದಲು ಅಲ್ಲಿ ತುಂಬಿರುವವರು ಕೈ ಕೊಡುವ ಹೆಂಗಸರು. ಬೇರೆಯವರನ್ನು ದುಡಿಸಿಕೊಳ್ಳುತ್ತಾರೆ, ತಾವು ಹೋಗುವುದಿಲ್ಲ. ಇನ್ನೊಂದು ಜಾತಿ ನಿಮ್ಮಿಬ್ಬರದು: ನೀನು ಬಂದರೆ ನಾನು ಬರುತ್ತೇನೆ, ನೀನು ಬರದಿದ್ದರೆ ನಾನೂ ಇಲ್ಲ. ಇಂಥವಳು ಒಬ್ಬಳೇ ಇದ್ದರೆ ಮೊದಲ ವರ್ಷವೇ ಸೋಲುತ್ತಾಳೆ. ಅಕ್ಕಪಕ್ಕದ ಹೊಲದಲ್ಲಿ ನಾಲ್ಕು ಜನ ಇದ್ದರೆ, ತಮ್ಮತಮ್ಮಲ್ಲೇ ಮುಯ್ಯಿ ಮಾಡಿ ಎಲ್ಲರಿಗಿಂತ ಹೆಚ್ಚು ಬೆಳೆ ತೆಗೆಯುತ್ತಾರೆ. ಅವರನ್ನು ನೋಡಿ ಮುಂದಿನ ವರ್ಷ ಇನ್ನಷ್ಟು ಜನ ಹಾಗೇ ಮಾಡುತ್ತಾರೆ. ಕೈ ಕೊಡುವವರಿಗೆ ದುಡಿಸಿಕೊಳ್ಳಲು ಯಾರೂ ಸಿಗದೆ ಅವರು ಕಡಿಮೆಯಾಗುತ್ತಾರೆ. ಯಾವ ನಡತೆಯೂ ತನ್ನಷ್ಟಕ್ಕೇ ಲಾಭದ್ದಲ್ಲ, ನಷ್ಟದ್ದಲ್ಲ. ಸುತ್ತ ಎಂಥವರಿದ್ದಾರೆ ಎನ್ನುವುದರ ಮೇಲೆ ಅದು ನಿಂತಿದೆ, ಸುತ್ತಲಿನವರೂ ಅದನ್ನು ನೋಡಿ ಬದಲಾಗುತ್ತಾರೆ. ಎಲ್ಲರೂ ಕೂಡಿಯೇ ಬೆಳೆಯುವುದು.

ಆದರೆ ಆಮೇಲೆ ನಾನು ಊರಿಗೆ ಒಂದು ತಪ್ಪು ಸೇರಿಸುತ್ತೇನೆ. ಒಬ್ಬಳಿಗೆ ಜ್ವರ, ಬಸ್ಸು ಕೆಟ್ಟಿತು, ಏನೋ ಒಂದು. ಬರಬೇಕಾದವಳು ಬರಲಿಲ್ಲ. ನಿಮ್ಮ ಜಾತಿಯವರಾದರೆ ಮುಗಿಯಿತು. ಅವಳು ಬರಲಿಲ್ಲವೆಂದು ಇವಳು ಹೋಗುವುದಿಲ್ಲ, ಇವಳು ಬರಲಿಲ್ಲವೆಂದು ಅವಳು ಬರುವುದಿಲ್ಲ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ನಷ್ಟ, ಸಾಯುವತನಕ ಹಾಗೇ.

ಅಲ್ಲಿ ಗೆಲ್ಲುವವಳು ಮತ್ತೊಬ್ಬಳು. ಅವಳೂ ಲೆಕ್ಕ ಇಡುತ್ತಾಳೆ, ಆದರೆ ಮೂರು ಸಲಕ್ಕೊಮ್ಮೆ, ಕಾರಣ ಕೇಳದೆ, "ಹೋಗ್ಲಿ ಬಿಡು" ಎಂದು ಉಡಿ ಕಟ್ಟಿಕೊಂಡು ಹೊರಡುತ್ತಾಳೆ.

ನಿನಗೆ ಬುದ್ಧಿ ಹೇಳುತ್ತಿಲ್ಲ. ನನ್ನ ಊರಿನ ಸುದ್ದಿ ಹೇಳಿದೆ ಅಷ್ಟೆ.

ಗುಡ್ಡಿ


23 ಸೆಪ್ಟೆಂಬರ್ 2024

ಗುಡ್ಡಿ,

ಬುದ್ಧಿ ಹೇಳುತ್ತಿಲ್ಲವಂತೆ! ನಿನ್ನ ಮೂಗು ಒರೆಸಿದ ಕೈ ಇದು. ನನಗೆ ಗೊತ್ತಾಗುವುದಿಲ್ಲವೇ?

ತಂತಿ ಬೇಲಿ ಹಾಕಿದರೆ ನಮ್ಮ ಕುರಿಗಳು ಹಳ್ಳಕ್ಕೆ ಹೋಗುವ ದಾರಿ ಯಾವುದು? ಇಷ್ಟು ವರ್ಷ ಹಗ್ಗ ಕೂಡ ಕಟ್ಟದ ಬದು ಅದು. ಆ ಸುದ್ದಿ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಮಾನಪ್ಪನಿಗೆ ಹೇಳಿದೆ.

ನಿನ್ನ ಊರಿನ ಕಥೆಯನ್ನು ಮೂರು ಸಲ ಓದಿದೆ. ಹೆಂಗಸರಿಗೆ ಹೆಸರೇ ಇಟ್ಟಿಲ್ಲವಲ್ಲ, ಹೆಸರಿಲ್ಲದ ಮಕ್ಕಳನ್ನು ಹಾಜರಿಯಲ್ಲಿ ಹೇಗೆ ಬರೆಯುತ್ತೀ? ನಾನು ಇಟ್ಟಿದ್ದೇನೆ. ತಿಂದು ಕೈ ಕೊಡುವವಳು ಉಂಡಾಡವ್ವ. ಕೊಟ್ಟಷ್ಟೇ ಕೊಡುವವಳು ತಕ್ಕಡವ್ವ. ನೀನು ಹೊಗಳಿದವಳು ಹೋಗ್ಲಿಬಿಡವ್ವ. ಇನ್ನೊಬ್ಬಳನ್ನು ನೀನು ಮರೆತಿದ್ದೀ: ಯಾರು ಬಂದರೂ ಬಿಟ್ಟರೂ ಕರೆದಲ್ಲೆಲ್ಲ ಹೋಗಿ ದುಡಿಯುವವಳು. ಅವಳು ಭೋಳವ್ವ. ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ.

ನನಗೊಂದು ಅನುಮಾನ. ಊರ ತುಂಬ ಹೋಗ್ಲಿಬಿಡವ್ವಗಳೇ ಆದರೆ ಭೋಳವ್ವಗಳೂ ಅವರ ನಡುವೆ ಸುಖವಾಗಿ ಸೇರಿಕೊಳ್ಳುತ್ತಾರೆ. ಭೋಳವ್ವಗಳು ಹೆಚ್ಚಾದ ಮೇಲೆ ಎಲ್ಲಿಂದಲೋ ಒಬ್ಬಳು ಉಂಡಾಡವ್ವ ಬಂದರೆ ಅವಳಿಗೆ ಹಬ್ಬ. ಮತ್ತೆ ಮೊದಲಿನ ಹಾಗೇ ಆಗುವುದಿಲ್ಲವೇ? ನಮ್ಮ ಮಹಿಳಾ ಸಂಘದಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು. ನಿನ್ನ ಊರಿನಲ್ಲಿ ತಪ್ಪಿನ ರೊಟ್ಟಿ ಇಲ್ಲವೇ? ಮೊದಲು ಓಣಿಯ ಹೆಂಗಸರೆಲ್ಲ ಸೇರುತ್ತಿದ್ದಾಗ ನಮ್ಮ ಮುಯ್ಯಾಳಿನಲ್ಲಿ ಇತ್ತು, ನೀನು ತಿಂದಿದ್ದೀ. ಬರಬೇಕಾದ ದಿನ ತಪ್ಪಿಸಿದವಳು ಮುಂದಿನ ಸಲ ತಾನೇ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ ಹೊತ್ತು ತರಬೇಕು. ತಂದ ಮೇಲೆ ಯಾರೂ ಕಾರಣ ಕೇಳುವಂತಿಲ್ಲ. ಕೇಳಿದವಳಿಗೆ ರೊಟ್ಟಿ ಇಲ್ಲ. ನಮ್ಮ ಓಣಿಯ ದುರ್ಗಾದೇವಿಯಂಥವಳು ವರ್ಷಕ್ಕೆ ನಾಲ್ಕು ಸಲ ರೊಟ್ಟಿ ತಂದಿದ್ದಾಳೆ, ಒಂದು ಸಲವೂ ಜಗಳ ಆಗಲಿಲ್ಲ. ಇದನ್ನು ಕಂಪ್ಯೂಟರಿಗೆ ಹೇಳು, ಏನೆನ್ನುತ್ತದೋ ನೋಡೋಣ.

ನಾನು ಮೊದಲ ವರ್ಷ ಪೂರ್ತಿ ಕಾದೆ, ಖಾಸಿಂಬಿ ರೊಟ್ಟಿ ಗಂಟು ತರುತ್ತಾಳೆಂದು. ತಂದಿದ್ದರೆ ಒಂದು ಮಾತು ಕೇಳುತ್ತಿರಲಿಲ್ಲ.

ಭೀಮವ್ವ


ಯಾದಗಿರಿ
14 ಅಕ್ಟೋಬರ್ 2024

ದೊಡ್ಡವ್ವಾ, ನನ್ನ ಗುರುವೇ!

ಇದನ್ನು ನಿಂತುಕೊಂಡು ಓದಬೇಡ, ಕೂತುಕೋ.

ಮೊದಲು ಸಣ್ಣ ಸುದ್ದಿ. ನಿನ್ನ ಅನುಮಾನ ಸರಿ. ಹೋಗ್ಲಿಬಿಡವ್ವ, ಭೋಳವ್ವ, ಉಂಡಾಡವ್ವ, ತಕ್ಕಡವ್ವ ಹೀಗೆ ಗಾಣದೆತ್ತಿನಂತೆ ಸುತ್ತು ಬರುತ್ತಾರೆ. ದೊಡ್ಡ ದೊಡ್ಡವರು ಇದನ್ನು ಲೆಕ್ಕ ಮಾಡಿ ಕಂಡುಕೊಂಡಿದ್ದರು, ನೀನು ಮಹಿಳಾ ಸಂಘದಲ್ಲಿ ಕಂಡುಕೊಂಡೆ. ತಪ್ಪಿನ ರೊಟ್ಟಿಯನ್ನೂ ಸೇರಿಸಿದೆ. ಊರು ಎರಡೇ ದಿನದಲ್ಲಿ ಜಗಳದಿಂದ ಮೇಲೆದ್ದಿತು! ಕಲಬುರಗಿಯ ನನ್ನ ಗೈಡ್ ನೋಡಿ "ಈ ಹೆಸರು ಯಾರು ಇಟ್ಟರಮ್ಮ?" ಎಂದರು. ನಮ್ಮ ದೊಡ್ಡವ್ವ ಎಂದೆ. ಜನವರಿಯ ಸೆಮಿನಾರಿನಲ್ಲಿ ಇದೇ ಹೆಸರುಗಳಲ್ಲಿ ಓದು ಎಂದಿದ್ದಾರೆ.

ಆದರೆ ರೊಟ್ಟಿ ಒಂದು ಕಡೆ ಕೈ ಕೊಡುತ್ತದೆ. ತಪ್ಪಿದವಳಿಗೆ ತಾನು ತಪ್ಪಿದ್ದೇನೆಂದು ಗೊತ್ತಿರಬೇಕು. ಇಬ್ಬರೂ "ತಪ್ಪಿದ್ದು ಅವಳು" ಎಂದುಕೊಂಡರೆ ಇಬ್ಬರೂ ರೊಟ್ಟಿಗೆ ಕಾಯುತ್ತ ಕೂರುತ್ತಾರೆ. ಇದನ್ನು ಪರದೆಯ ಮೇಲೆ ನೋಡಿದಾಗ ನನಗೆ ನೀವಿಬ್ಬರೂ ನೆನಪಾದಿರಿ. ಅಮ್ಮಿ "ನಾ ಹೋಗಿದ್ದೆ" ಎನ್ನುತ್ತಾಳೆ, ನೀನು "ಬರಲಿಲ್ಲ" ಎನ್ನುತ್ತೀ. ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರದೂ ನಿಜವಾಗಿದ್ದರೆ?

ಅಬ್ಬಾ ಪ್ರತಿ ಸಂತೆಗೆ ದಿಂಬು, ಗಾದಿ ಒಯ್ಯುತ್ತಾನಲ್ಲ. ಸುರಪುರಕ್ಕೆ ಹೋಗಿ ಕೇಳಿದೆ, ಎಲೆಕ್ಷನ್ ವರ್ಷ ಕೆಂಭಾವಿ ಸಂತೆ ಯಾವತ್ತು ಆಗಿತ್ತು ಎಂದು. ಹತ್ತಿ ಹಿಂಜುತ್ತಿದ್ದವನು ನಿಲ್ಲಿಸಿ ನಕ್ಕ. "ಅವತ್ತು ಮಜಾ ಆಗಿತ್ತು ಬೇಟಿ. ದಿಂಬು ಹೊತ್ಕೊಂಡು ಹೋದ್ರ ಸಂತೀನೇ ಇಲ್ಲ! ವೋಟಿಂಗ್ ಅಂತ ಒಂದು ದಿನ ಮುಂದ ಹಾಕಿದ್ರು. ಮರುದಿನ ನಿಮ್ಮಮ್ಮೀನ ಕರ್ಕೊಂಡು ಮತ್ತ ಹೋದೆ" ಅಂದ.

ತಿಳಿಯಿತೇ? ನೀನು ಬೂತಿನಲ್ಲಿದ್ದೆ. ಸಂತೆ ಎಂದಿನ ದಿನವೇ ಆಯಿತೆಂದು ಹಿಡಿದು ಮರುದಿನ ಹೊಲಕ್ಕೆ ಹೋದೆ. ಅಮ್ಮಿ ಅಂದು ಸಂತೆಯಲ್ಲಿದ್ದಳು. ಸಂತೆಯ ಮರುದಿನ ಅವಳು ಉಡಿ ಕಟ್ಟಿಕೊಂಡು ನಿಮ್ಮ ಹೊಲಕ್ಕೆ ಬಂದಾಗ ಒಂದು ಕಾಯಿಯೂ ಉಳಿದಿರಲಿಲ್ಲ. ತನ್ನನ್ನು ಬಿಟ್ಟು ಪರ ಊರಿನವರನ್ನು ಕರೆದಳು ಎಂದು ಅಳುತ್ತ ಮನೆಗೆ ಬಂದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದೇನೆ. ಕಾರಣ ಇವತ್ತು ತಿಳಿಯಿತು.

ನಿಮ್ಮಿಬ್ಬರ ತಪ್ಪೂ ಇಲ್ಲ ದೊಡ್ಡವ್ವಾ! ನಾನು ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಣಿಯುವುದೊಂದು ಬಾಕಿ ಇತ್ತು.

ಗುಡ್ಡಿ

ಮರೆತಿದ್ದೆ: ಅಮ್ಮಿಗೂ ಎಲ್ಲ ಹೇಳಿದೆ, ನಿನ್ನ ಕಾಗದದ ವಿಷಯ ಒಂದು ಬಿಟ್ಟು. ಎಲ್ಲ ಕೇಳಿಸಿಕೊಂಡಳು. ಆಮೇಲೆ "ಹಂಗಿದ್ರ ಆಕಿ ಒಂದು ಮಾತು ಕೇಳಬೇಕಿತ್ತು" ಅಂದಳು.


3 ನವೆಂಬರ್ 2024

ಗುಡ್ಡಿ,

ನಿನ್ನ ಕಾಗದವನ್ನು ಕೂತೇ ಓದಿದೆ, ಒಳ್ಳೆಯದಾಯಿತು. ಅದಕ್ಕೇ ಅವತ್ತು ಊರಲ್ಲಿ ಒಂದು ನರಪಿಳ್ಳೆ ಇರಲಿಲ್ಲ! ಎಲೆಕ್ಷನ್ ದಣಿವಿಗೆ ಎಲ್ಲರೂ ಮಲಗಿದ್ದಾರೆ ಎಂದುಕೊಂಡಿದ್ದೆ ನಾನು. ಊರೆಲ್ಲ ಸಂತೆಯಲ್ಲಿತ್ತು. ಮೂವತ್ತು ವರ್ಷ ಹಾಜರಿ ತೆಗೆದವಳು ಅವತ್ತು ಒಂದು ಹಾಜರಿ ತೆಗೆಯಲಿಲ್ಲ ನೋಡು.

ದೀಪಾವಳಿಗೆ ಹೋಳಿಗೆ ಮಾಡಿದೆ. ಎರಡು ಹೆಚ್ಚಿಗೆ ಮಾಡಿ ಗೋಡೆಯತನಕ ಹೋದೆ, ತಟ್ಟೆ ಮುಚ್ಚಿಕೊಂಡು ವಾಪಸು ಬಂದೆ. ಮಾನಪ್ಪ ತಿಂದ.

ನಗಬೇಡ. ನನಗೆ ಅಂಜಿಕೆ ಆಗಾಕತ್ತದ. ತಪ್ಪು ಯಾರದು ಹೇಳು, ಸಂತೆಯದು. ಸಂತಿ ಏನು ರೊಟ್ಟಿ ಗಂಟು ಹೊತ್ಕೊಂಡು ಬರ್ತದ? "ಆಕಿ ಒಂದು ಮಾತು ಕೇಳಬೇಕಿತ್ತು" ಅಂದಳಂತೆ. ಆಕೀನೂ ಕೇಳಬಹುದಿತ್ತಲ್ಲ, ಆಕಿ ಬಾಯಿಗೆ ಯಾರು ಬೀಗ ಹಾಕಿದ್ರು? ನಾನು ಹೋಗಿ ನಿಂತಾಗ ಅವಳು ಮುಖ ತಿರುಗಿಸಿ ಹೋದರೆ ನಾನು ಊರಲ್ಲಿ ಹೇಗೆ ತಿರುಗಾಡಲಿ? ನಿನ್ನ ಹೋಗ್ಲಿಬಿಡವ್ವ ಕಂಪ್ಯೂಟರಿನಲ್ಲಿದ್ದಾಳೆ. ಅವಳಿಗೆ ಮುಖ ಇಲ್ಲ, ಗೋಡೆಯಾಚೆ ಮನೆ ಇಲ್ಲ, ಸೋತರೆ ಮತ್ತೊಂದು ಸಲ ಗುಂಡಿ ಒತ್ತುತ್ತೀ.

ಒಂದು ಮಾತು ಹೇಳುತ್ತೇನೆ, ನಿಮ್ಮವ್ವನಿಗೆ ಹೇಳಬೇಡ. ಫೋನಿನ ಮಾತು ಕೇಳದ ಈ ಕಿವಿಗೆ ಅವಳು ರೊಟ್ಟಿ ಬಡಿಯುವುದು ಮಾತ್ರ ಕೇಳುತ್ತದೆ. ಸಪ್ಪಳ ಎಣಿಸಿ ಎಷ್ಟು ರೊಟ್ಟಿ ಎಂದು ಹೇಳಬಲ್ಲೆ. ಸುರಪುರಕ್ಕೆ ಹೋದರೆ ಅದೂ ನಿಲ್ಲುತ್ತದೆ. ಅದನ್ನು ನೆನೆದರೆ ಸಂಕಟವಾಗುತ್ತದೆ ಗುಡ್ಡಿ.

ಸ್ವಲ್ಪ ದಿನ ನನಗೆ ಕಾಗದ ಬರೆಯಬೇಡ. ಅಂಬ್ರಪ್ಪನಿಗೆ ಪೆನ್ಶನ್ ಸುಳ್ಳು ಹೇಳಿ ಹೇಳಿ ಸಾಕಾಗಿದೆ. ನನಗೆ ಬರುವ ಪೆನ್ಶನ್ ಎಷ್ಟು ಎಂದು ಊರವರ ಮುಂದೆ ಕೇಳುತ್ತಾನೆ.

ಭೀಮವ್ವ


ಯಾದಗಿರಿ
8 ಡಿಸೆಂಬರ್ 2024

ದೊಡ್ಡವ್ವಾ,

ಬರೆಯಬೇಡ ಎಂದಿದ್ದೆ, ಬರೆಯಲಿಲ್ಲ. ಎರಡು ವಾರ ಕಳೆದ ಮೇಲೆ ನನಗೆ ಸಿಟ್ಟು ಬಂತು. ನೀನು ಬರೆಯುವತನಕ ನಾನೂ ಬರೆಯುವುದಿಲ್ಲ ಎಂದು ಹಠ ಹಿಡಿದೆ. ಅಂಚೆ ಕಚೇರಿಯ ಮುಂದೆ ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದೆ. ನಿನ್ನೆ ತರಗತಿಯಲ್ಲಿ ತಕ್ಕಡವ್ವನ ಲೆಕ್ಕ ಹಲಗೆಯ ಮೇಲೆ ಬರೆಯುತ್ತಿದ್ದಾಗ ನಾನು ಏನು ಮಾಡುತ್ತಿದ್ದೇನೆಂದು ಹೊಳೆದು, ಹುಡುಗಿಯರ ಮುಂದೆಯೇ ಜೋರಾಗಿ ನಕ್ಕುಬಿಟ್ಟೆ. ಐದು ವರ್ಷ ಇದನ್ನೇ ಓದಿದವಳು ಐದು ವಾರಕ್ಕೆ ಬಲೆಗೆ ಬಿದ್ದಿದ್ದೇನೆ. ಹೋಗ್ಲಿ ಬಿಡು ಎಂದು ಈಗ ಬರೆಯುತ್ತಿದ್ದೇನೆ.

ಅಂಜಿಕೆಯ ಬಗ್ಗೆ ನೀನು ಹೇಳಿದ್ದು ಸರಿ. ನನ್ನ ಊರಿನವರಿಗೆ ಮುಖ ಇಲ್ಲ. ನಿನಗೆ ಹೋಗು ಎನ್ನುವುದು ನನಗೆ ಸುಲಭ, ಹೋಗುವುದು ನಿನಗೆ ಕಷ್ಟ. ಆದ್ದರಿಂದ ಹೋಗು ಎನ್ನುವುದಿಲ್ಲ. ಸುದ್ದಿ ಮಾತ್ರ ಹೇಳುತ್ತೇನೆ: ಖಂಡಪ್ಪ ಜನವರಿಯ ಮೊದಲ ವಾರ ಬಂದು ಮಾತು ಮುಗಿಸುತ್ತಾನೆ. ಅಮ್ಮಿ ಕೊನೆಯ ಹತ್ತಿ ಬಿಡಿಸುವುದನ್ನು ಈ ತಿಂಗಳ ಕಡೆಯ ಸಂತೆಯ ಮರುದಿನ ಇಟ್ಟುಕೊಂಡಿದ್ದಾಳೆ. ಒಬ್ಬಳೇ.

ನೀನು ಹೋಗದಿದ್ದರೂ ನೀನು ನನ್ನ ದೊಡ್ಡವ್ವನೇ. ಆ ಲೆಕ್ಕದಲ್ಲಿ ನಾನು ಭೋಳವ್ವ.

ಗುಡ್ಡಿ


29 ಡಿಸೆಂಬರ್ 2024

ಚಿ. ಗುಲಫಶಾಗೆ,

ಈ ಕಾಗದವನ್ನು ನಮ್ಮ ಮನೆಯಲ್ಲಿ ಕೂತು ಬರೆಯುತ್ತಿಲ್ಲ. ನಿಮ್ಮ ಮನೆಯ ಪಡಸಾಲೆಯಲ್ಲಿ, ನಿಮ್ಮ ಗಾದಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮವ್ವ ಎದುರಿಗಿದ್ದಾಳೆ, ಹೇಳಿದ್ದೆಲ್ಲ ಬರೆಯಬೇಕಂತೆ. ಬರೆಯುವುದು ನಾನು, ಹುಕುಂ ಅವಳದು.

ಸಂತೆಯ ಮರುದಿನ ನಸುಕಿನಲ್ಲೇ ಎದ್ದು ಹನ್ನೆರಡು ಜೋಳದ ರೊಟ್ಟಿ ಬಡಿದೆ. ನನ್ನ ಸಪ್ಪಳಕ್ಕೆ ಗೋಡೆಯಾಚೆ ಸಪ್ಪಳ ನಿಂತಿತು. ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿಕೊಂಡು, ಅವಳಿಗಿಂತ ಮೊದಲೇ ಹೊಲಕ್ಕೆ ಹೋದೆ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ, ಅದಕ್ಕೆ ಬದು ದಾಟಿ ಅಲ್ಲೇ ಹತ್ತಿರದ ಸಾಲು ಹಿಡಿದು ಬಿಡಿಸತೊಡಗಿದೆ. ಅದೇ, ಪ್ರತಿ ವರ್ಷ ಬಿಡುತ್ತಾಳೆಂದು ನಿನಗೆ ಚಾಡಿ ಹೇಳಿದ್ದೆನಲ್ಲ, ಆ ಸಾಲು. ಈ ವರ್ಷವೂ ಹಾಗೇ ಇತ್ತು. ಮೊದಲ ಬಿಡಿಸುವಿಕೆಯದೂ, ಎರಡನೆಯದೂ ಗಿಡದ ಮೇಲೆಯೇ.

ಅರ್ಧ ಸಾಲು ಆಗಿತ್ತು. ಅವಳು ಬಂದು ಹಿಂದೆ ನಿಂತಳು. ನಾನು ತಿರುಗಲಿಲ್ಲ. ಅವಳು ಉಡಿ ಕಟ್ಟಿಕೊಂಡು ಪಕ್ಕದ ಸಾಲಿಗೆ ಬಂದಳು. ಒಂದು ಗಳಿಗೆ ಬರೇ ಕೈ ಆಡಿದವು. ನನಗೆ ತಡೆಯಲಾಗಲಿಲ್ಲ.

"ಗಂಟಿನಾಗ ಹನ್ನೆರಡು ರೊಟ್ಟಿ ಅದಾವ," ಅಂದೆ.

"ಎಣಿಸೀನಿ, ಗ್ವಾಡಿ ಕಡಿಂದ," ಅಂದಳು. "ನಾಕು ವರ್ಷಕ್ಕ ಹನ್ನೆರಡು ರೊಟ್ಟಿ? ಕಡಿಮಿ ಆತು ಭೀಮಕ್ಕ."

ನನಗೆ ಅಳು ಬರುತ್ತಿತ್ತು, ಅದನ್ನು ಮುಚ್ಚಲು ಜಗಳ ತೆಗೆದೆ. "ನೀ ಏನು ಕಡಿಮಿ ಏನಬೇ? ನಾಕು ವರ್ಷ ಈ ಸಾಲು ಬೇಕಂತ ಬಿಟ್ಟಿ. ನನ್ನ ಕಡ್ಲಿ ಮ್ಯಾಲೆಲ್ಲ ಹತ್ತಿ ಹಾರಿಸಿದಿ!"

ನಿಮ್ಮವ್ವ ಕೈಯಲ್ಲಿನ ಹತ್ತಿ ಹಿಡಿದುಕೊಂಡು ನನ್ನನ್ನು ನೋಡಿದಳು, ಹುಚ್ಚಿಯನ್ನು ನೋಡಿದಂತೆ. "ಬದುವಿನ ಸಾಲು ನಿಂದಲ್ಲಬೇ? ನಮ್ಮ ಹೊಲದಾಗ ಅದನ್ನ ನೀನ ಬಿಡಸ್ತಿದ್ದಿ. ನೀ ಬರಲಿಲ್ಲ. ನಿನ್ನ ಸಾಲಿಗೆ ನಾ ಹೆಂಗ ಕೈ ಹಾಕ್ಲಿ? ಪ್ರತಿ ವರ್ಷ ಬಿಟ್ಟೀನಿ, ಬರ್ತಿ ಅಂತ."

ಗುಡ್ಡಿ, ನಾನು ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ. ನಾಲ್ಕು ವರ್ಷ ಆ ಹತ್ತಿಯನ್ನು ನೋಡಿ ನೋಡಿ ನಾನು ಬೈದಿದ್ದೇನೆ. ಅವಳು ಕರೆಯುತ್ತಿದ್ದಳು. ಇಬ್ಬರೂ ಕೂತು ಅತ್ತೆವು. ಆಮೇಲೆ ರೊಟ್ಟಿ ಬಿಚ್ಚಿ ಇಬ್ಬರೇ ಒಂಬತ್ತು ತಿಂದೆವು. ನಿಯಮದಂತೆ ಯಾರೂ ಕಾರಣ ಕೇಳಲಿಲ್ಲ. ಮಾನಪ್ಪ ಕುರಿ ಬಿಟ್ಟು ಓಡಿ ಬಂದಿದ್ದ, ಯಾರಿಗೋ ಹಾವು ಕಡಿದಿದೆ ಎಂದು. ಉಳಿದ ಮೂರು ಅವನು ತಿಂದ.

ಖಂಡಪ್ಪನಿಗೆ ಫೋನು ಮಾಡಿಸಿದ್ದಾಳೆ. "ಬರಬ್ಯಾಡ್ರಿ, ನಮ್ಮ ಮುಯ್ಯಾಳು ಬಂದಾಳ" ಅಂದಳು. ನಿಮ್ಮಬ್ಬಾ ಸುರಪುರದ ಖೋಲಿಯಲ್ಲಿ ಹತ್ತಿ ತುಂಬಿಕೊಳ್ಳಲಿ, ಅವಳು ಎಲ್ಲಿಗೂ ಹೋಗುವುದಿಲ್ಲ. ಇನ್ನು ಮೇಲೆ ದಿನ ಗೊತ್ತು ಮಾಡುವಾಗ ಸಂತೆಯ ಮಾತು ಇಲ್ಲ. ಬೆಳಿಗ್ಗೆ ಗೋಡೆ ಬಡಿಯುವುದು, ಅಷ್ಟೆ.

ಈಗ ನಿಮ್ಮವ್ವ ಹೇಳುವುದನ್ನು ಹಾಗೇ ಬರೆಯುತ್ತೇನೆ: "ಗುಡ್ಡಿ, ಪೆನ್ಶನ್ ಆಫೀಸಿನಾಕಿ ನೀನ ಅಂತ ನನಗ ಆಗಸ್ಟದಾಗ ಗೊತ್ತಾಗ್ಯದ. ಅಂಬ್ರಪ್ಪ ಲಕೋಟಿ ತಂದು ಮೊದಲ ನನ್ನ ಕೇಳಿದ, 'ನಿನ್ನ ಮಗಳ ಅಕ್ಷರ ಭೀಮವ್ವನ ಮನಿಗೆ ಯಾಕ ಹೊಂಟಾವ' ಅಂತ. 'ಸುಮ್ಮನ ಕೊಟ್ಟು ಬಾ, ಯಾರಿಗೂ ಹೇಳಬ್ಯಾಡ' ಅಂದೆ." ಕೇಳಿದೆಯಾ? ಅಂಬ್ರಪ್ಪ ಊರವರ ಮುಂದೆ ಪೆನ್ಶನ್ ಎಷ್ಟೆಂದು ಕೇಳುತ್ತಿದ್ದದ್ದು ನನ್ನನ್ನು ಕಾಡಿಸಲು! ಅವನು ನಾಳೆ ಬರಲಿ.

ಈ ಕಾಗದದ ಜೊತೆ ಒಂದು ದಿಂಬು ಬರುತ್ತದೆ. ಬದುವಿನ ಸಾಲಿನ ಹತ್ತಿಯನ್ನು ನಿಮ್ಮಬ್ಬಾ ಬೇರೆಯೇ ಹಿಂಜಿ ತುಂಬಿದ್ದಾನೆ. ಸೆಮಿನಾರಿಗೆ ಹೋಗುವ ಮುಂಚಿನ ರಾತ್ರಿ ಅದರ ಮೇಲೆ ಚೆನ್ನಾಗಿ ನಿದ್ದೆ ಮಾಡು.

ಮರುದಿನ ಅಲ್ಲಿ ನಿಂತು ನಮ್ಮ ನಾಲ್ಕು ಹೆಂಗಸರ ಕಥೆ ಹೇಳು. ಹೇಳಿ ಮುಗಿದ ಮೇಲೆ ಐದನೆಯವಳನ್ನು ಸೇರಿಸು. ಅವಳು ನಾಲ್ಕು ವರ್ಷ ನನ್ನ ಹೊಲಕ್ಕೆ ಬರಲಿಲ್ಲ, ಆದರೆ ತನ್ನ ಹೊಲದಲ್ಲಿ ನನ್ನ ಸಾಲು ಹಾಗೇ ಇಟ್ಟಿದ್ದಳು. ಹೆಸರು ಬೇಕಾದರೆ ಹೊಸದು ಹುಡುಕಬೇಡ, ಖಾಸಿಂಬಿ ಎಂದೇ ಬರೆ.

ಇವಳು ನಾನೂ ಸಹಿ ಮಾಡುತ್ತೇನೆಂದು ಪೆನ್ನು ಕಸಿಯುತ್ತಿದ್ದಾಳೆ.

ಭೀಮವ್ವ
ಖಾಸಿಂಬಿ